ಕೇಸ್ ಶೀಟ್ ಮೇಲಿನ ಕೆಂಪು ಶಾಯಿ

ಮಂಚದ ತುದಿಗೆ ಸಿಕ್ಕಿಸಿದ ಕೇಸ್ ಶೀಟ್ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ‘ಎಚ್‌ಐವಿ’ ಎಂದು ಬರೆದುಬಿಟ್ಟರೆ, ಅದನ್ನು ಓದಲು ಡಾಕ್ಟರೇ ಆಗಬೇಕಿಲ್ಲ. ಪಕ್ಕದ ಮಂಚದವರನ್ನು ನೋಡಲು ಬಂದ ನೆಂಟರು, ಊಟದ ಗಾಡಿ ತಳ್ಳುವ ಹುಡುಗ, ಎಲ್ಲರ ಕಣ್ಣಿಗೂ ಬೀಳುತ್ತದೆ. ರೋಗಿ ಡಿಸ್ಚಾರ್ಜ್ ಆಗುವ ಮೊದಲೇ ಸುದ್ದಿ ಊರು ಮುಟ್ಟಿರುತ್ತದೆ. ಸಿಬ್ಬಂದಿಯ ಸುರಕ್ಷತೆಗಾಗಿ ಹೀಗೆ ಬರೆಯುತ್ತೇವೆ ಎನ್ನುವವರಿದ್ದಾರೆ. ಆದರೆ ಯಾರ ರಕ್ತದಲ್ಲಿ ಏನಿದೆಯೋ ನೋಡಿದರೆ ತಿಳಿಯುವುದಿಲ್ಲ. ಗ್ಲೌಸ್ ಮತ್ತು ಸೂಜಿಯ ಎಚ್ಚರಿಕೆ ಪ್ರತಿ ರೋಗಿಯ ವಿಷಯದಲ್ಲೂ ಇರಬೇಕೆಂಬ ನಿಯಮ ಬಂದದ್ದೇ ಅದಕ್ಕಾಗಿ. ಕೆಂಪು ಶಾಯಿ ಕಂಡಾಗ ಮಾತ್ರ ಎಚ್ಚರಗೊಳ್ಳುವ ವಾರ್ಡ್ ಯಾರಿಗೂ ಸುರಕ್ಷಿತವಲ್ಲ.

ಇದು ತಪ್ಪೆಂದು ಮೊದಲು ಅನ್ನಿಸುವುದು ನೈಟ್ ಡ್ಯೂಟಿಯ ನರ್ಸ್‌ಗೋ ಲ್ಯಾಬ್ ಟೆಕ್ನಿಷಿಯನ್‌ಗೋ ಇರಬಹುದು. ಬರೆದವರು ಹಿರಿಯರು, ತನ್ನದು ಗುತ್ತಿಗೆ ಕೆಲಸ. ಬಾಯಿ ಬಿಟ್ಟರೆ ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲೇ ಅದರ ಫಲ ಕಾಣಿಸಬಹುದೆಂಬ ಭಯ ಸುಳ್ಳಲ್ಲ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಈ ಭಯವನ್ನು ಗಂಭೀರವಾಗಿ ತೆಗೆದುಕೊಂಡಿದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ, 20 ಅಥವಾ ಹೆಚ್ಚು ಮಂದಿ ಇರುವ ಪ್ರತಿ ಆಸ್ಪತ್ರೆಯಲ್ಲೂ ಒಬ್ಬ ದೂರು ಅಧಿಕಾರಿ ಇರಲೇಬೇಕು. ಅದರಾಚೆಗೆ ರಾಜ್ಯ ಸರ್ಕಾರ ನೇಮಿಸುವ ಒಂಬುಡ್ಸ್‌ಮನ್ ಇದ್ದಾರೆ. ದೂರು ತಲುಪಿದ 30 ದಿನಗಳಲ್ಲಿ ಅವರು ಎರಡೂ ಕಡೆಯವರನ್ನು ಕೇಳಿ ಆದೇಶ ಕೊಡಬೇಕು. ದೂರು ಕೊಟ್ಟವರಿಗೂ ಸಾಕ್ಷಿ ಹೇಳಿದವರಿಗೂ ತೊಂದರೆ ಕೊಡುವಂತಿಲ್ಲ ಎಂದು 40ನೇ ಕಲಂ ಹೇಳುತ್ತದೆ. ನಿಮ್ಮ ಆಸ್ಪತ್ರೆಯ ದೂರು ಅಧಿಕಾರಿ ಯಾರು? ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.

ದೂರು ಬರೆಯುವಾಗ ಒಂದು ಎಚ್ಚರ ಬೇಕೇ ಬೇಕು. ಸಾಕ್ಷ್ಯಕ್ಕೆಂದು ಕೇಸ್ ಶೀಟ್‌ನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ, ರೋಗಿಯ ಗುಟ್ಟು ಎರಡನೇ ಸಲ ರಟ್ಟಾಗುತ್ತದೆ. ತಾರೀಕು, ಪಾಳಿ, ವಾರ್ಡ್, ಮಂಚದ ಸಂಖ್ಯೆ, ಏನು ಕಂಡಿತು, ಯಾರಿಗೆಲ್ಲ ಕಾಣುವಂತಿತ್ತು: ಇಷ್ಟು ಸಾಕು. ರೋಗಿಯ ಹೆಸರು ಬೇಕೆಂದರೆ ತನಿಖೆ ಮಾಡುವವರು ದಾಖಲೆಯಿಂದಲೇ ತೆಗೆದುಕೊಳ್ಳಲಿ.

ಗುಟ್ಟು ಕಾಯಬೇಕಾದ್ದು ಎಚ್‌ಐವಿ ರೋಗಿಗಳದ್ದಷ್ಟೇ ಅಲ್ಲ. ಮಾನಸಿಕ ಚಿಕಿತ್ಸೆಯ ಗೋಪ್ಯತೆಗೆ 2017ರ ಇನ್ನೊಂದು ಕಾಯ್ದೆಯಿದೆ. ಗರ್ಭಪಾತ ಮಾಡಿಸಿಕೊಂಡವರ ಹೆಸರು ಬಯಲು ಮಾಡಿದ ವೈದ್ಯರಿಗೆ, 2021ರ ತಿದ್ದುಪಡಿಯಂತೆ, ಒಂದು ವರ್ಷದವರೆಗೆ ಜೈಲಾಗಬಹುದು. ಆದರೆ ಎಚ್‌ಐವಿ ಕಾಯ್ದೆಯ 40ನೇ ಕಲಂನ ರಕ್ಷಣೆ ಆ ಕಾಯ್ದೆಯಡಿಯ ದೂರುಗಳಿಗಷ್ಟೇ. ಟಿಬಿ ರೋಗಿಯ ಪರವಾಗಿ ಮಾತೆತ್ತುವ ನರ್ಸ್‌ಗೂ ಅಂಥದೇ ಕಾವಲು ಬೇಕು. ರಾಜ್ಯದ ಆಸ್ಪತ್ರೆಗಳು ಅದನ್ನು ತಮ್ಮ ಸೇವಾ ನಿಯಮಗಳಲ್ಲೇ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.