ಶುಕ್ರ್ ಬೇರೆ, ಸಾಕ್ಷ್ಯ ಬೇರೆ: ಅಂಗವೈಕಲ್ಯದ ಮೇಲ್ಮನವಿಗೆ ಹೋಗುವ ಮುನ್ನ



ಕಳೆದ ತಿಂಗಳು ಜುಮಾ ಖುತ್ಬಾದಲ್ಲಿ ನಾವು ಅಂಗವಿಕಲರ ಹಕ್ಕಿನ ಬಗ್ಗೆ ಮಾತನಾಡಿದ್ದೆವು. ನಮಾಝ್ ಮುಗಿದ ಮೇಲೆ ಅಥಣಿ ರಸ್ತೆಯ ನಮ್ಮ ಮೊಹಲ್ಲಾದವರು ಮಾತ್ರವಲ್ಲ, ಟಿಕೋಟಾ ಕಡೆಯವರೂ ಕಾಗದಪತ್ರ ಹಿಡಿದು ಬಂದರು. ಎಲ್ಲರ ಪ್ರಶ್ನೆಗೂ ಒಟ್ಟಿಗೆ ಇಲ್ಲಿ ಉತ್ತರ ಬರೆಯುತ್ತಿದ್ದೇವೆ.

ಬಂದವರಲ್ಲಿ ಒಬ್ಬ ಹಿರಿಯರು ಗೌಂಡಿ ಕೆಲಸ ಮಾಡುತ್ತಿದ್ದವರು. ಕಟ್ಟಡದಿಂದ ಬಿದ್ದು ಕಾಲು ಹೋಗಿದೆ, ಕಿವಿಯೂ ಮಂದ. ಅರ್ಜಿಯಲ್ಲಿ ಎರಡೂ ಬರೆದಿದ್ದರು. ಪ್ರಮಾಣಪತ್ರ ಮಾತ್ರ ಕಾಲಿಗೆ ಶೇ. 30 ಎಂದು ಬಂದಿತ್ತು. ಮಾಸಾಶನಕ್ಕೆ 40 ಬೇಕು. "ಚಾಚಾ, ಕಿವಿ ಪರೀಕ್ಷೆ ಮಾಡಲಿಲ್ಲವೇ?" ಎಂದು ಕೇಳಿದೆವು. "ಕೇಳಸ್ತದೇನು ಅಂತ ಡಾಕ್ಟರ್ ಗಟ್ಟಿಯಾಗಿ ಕೇಳಿದರು. ಅಲ್ಹಮ್ದುಲಿಲ್ಲಾಹ್, ಎಲ್ಲಾ ಚಲೋ ಐತ್ರಿ ಅಂದೆ. ಅಲ್ಲಾಹ್ ಕೊಟ್ಟಿದ್ದಕ್ಕ ಗಿಲಾ ಮಾಡಬಾರದಲ್ರಿ ಮೌಲಾನಾ" ಎಂದರು.

ಸಹೋದರರೇ, ಈ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ಶುಕ್ರ್ ಅಲ್ಲಾಹನಿಗೆ ಸಲ್ಲಬೇಕಾದದ್ದು. ಅಧಿಕಾರಿಯ ಮುಂದೆ ನಾವು ಕೊಡುವುದು ಸಾಕ್ಷ್ಯ. ಸಾಕ್ಷ್ಯವನ್ನು ಮುಚ್ಚಿಡಬಾರದೆಂಬುದು ಕುರ್‌ಆನಿನ ಆದೇಶ. ಫಿರ್‌ಔನನ ಬಳಿಗೆ ಹೋಗಲು ಅಪ್ಪಣೆಯಾದಾಗ ಪ್ರವಾದಿ ಮೂಸಾ (ಅ) ತಮ್ಮ ನಾಲಿಗೆಯ ತೊಡಕನ್ನು ಮುಚ್ಚಿಡಲಿಲ್ಲ. ಅದನ್ನು ಅಲ್ಲಾಹನಲ್ಲಿ ಹೇಳಿಕೊಂಡರು, ಸಹೋದರ ಹಾರೂನ್ (ಅ) ಅವರನ್ನು ಜೊತೆಗೆ ಕೊಡು ಎಂದು ಕೇಳಿದರು, ಆಮೇಲೆ ಹೊರಟರು. ತಮಗೆ ನೋವು ತಗುಲಿದೆ ಎಂದು ಅಲ್ಲಾಹನಲ್ಲಿ ಮೊರೆಯಿಟ್ಟ ಪ್ರವಾದಿ ಅಯ್ಯೂಬ್ (ಅ) ಸಬ್ರ್‌ಗೆ ಇಂದಿಗೂ ಮಾದರಿ. ಇದ್ದ ಕಷ್ಟವನ್ನು ಇದ್ದಂತೆ ಹೇಳುವುದು ಗಿಲಾ ಅಲ್ಲ.

ಇನ್ನು ಕಾನೂನಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪ್ರಮಾಣಪತ್ರದ ತೀರ್ಮಾನವನ್ನು ಒಪ್ಪದವರಿಗೆ ಮೇಲ್ಮನವಿಯ ಹಕ್ಕು ಕೊಟ್ಟಿದೆ. 2017ರ ನಿಯಮಗಳ ಪ್ರಕಾರ ತೀರ್ಮಾನವಾದ ದಿನದಿಂದ 90 ದಿನಗಳೊಳಗೆ ಅದನ್ನು ಸಲ್ಲಿಸಬೇಕು. ನಿಮ್ಮ ಹಿನ್ನೆಲೆ, ತೀರ್ಮಾನ ಏಕೆ ಸರಿಯಲ್ಲ ಎಂಬ ಕಾರಣ ಬರೆದು, ಪ್ರಮಾಣಪತ್ರದ ಅಥವಾ ತಿರಸ್ಕಾರ ಪತ್ರದ ಪ್ರತಿ ಲಗತ್ತಿಸಬೇಕು. ನಿಮ್ಮ ಮಾತು ಕೇಳಿಯೇ ಕಾರಣಸಹಿತ ಆದೇಶ ಹೊರಡಿಸಬೇಕು. ಅದೂ ಮೇಲ್ಮನವಿ ತಲುಪಿದ 60 ದಿನಗಳೊಳಗೆ. ಆದ್ದರಿಂದ ಮೊದಲು ಪತ್ರದ ಮೇಲಿನ ದಿನಾಂಕ ನೋಡಿ. ಚಾಚಾ ನಮ್ಮ ಬಳಿ ಬಂದಾಗ ಎರಡು ತಿಂಗಳು ಕಳೆದೇ ಹೋಗಿತ್ತು.

"ನನಗೆ ಅನ್ಯಾಯವಾಗಿದೆ" ಎಂದಷ್ಟೇ ಬರೆದರೆ ಸಾಲದು. ಯಾವ ಅಂಗವನ್ನು ಪರೀಕ್ಷಿಸಲಿಲ್ಲ, ಯಾವ ವರದಿಯನ್ನು ನೋಡಲಿಲ್ಲ ಎಂದು ಬರೆಯಿರಿ. ಎರಡು ವೈಕಲ್ಯಗಳಿದ್ದರೆ ಲೆಕ್ಕವೇ ಬೇರೆ. 90ರಲ್ಲಿ ದೊಡ್ಡ ಅಂಕೆಯನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕೆಗೆ ಕೂಡಿಸುತ್ತಾರೆ. ಕಾಲಿಗೆ 30, ಕಿವಿಗೆ 20 ಬಂದರೆ ಒಟ್ಟು 50 ಆಗುವುದಿಲ್ಲ, ಸುಮಾರು 43 ಆಗುತ್ತದೆ. ಆದರೂ 40 ದಾಟಿತಲ್ಲ! ಒಂದು "ಚಲೋ ಐತ್ರಿ" ಎಂಬ ಮಾತಿಗೆ ಎಷ್ಟು ಬೆಲೆ ತೆರಬೇಕಾದೀತೆಂದು ನೋಡಿ.

ವಿಚಾರಣೆಗೆ ಮುನ್ನ ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಕಿವಿ ಪರೀಕ್ಷೆಯ ವರದಿ ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ. ಮೂಲ ಪ್ರತಿಗಳ ಜೊತೆ ಎರಡು ಸೆಟ್ ಝೆರಾಕ್ಸ್ ಇರಲಿ. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಪಡೆಯಿರಿ. ಕುರ್‌ಆನಿನ ಅತಿ ಉದ್ದದ ಆಯತ್ ಸಾಲದ ವ್ಯವಹಾರವನ್ನು ಬರೆದಿಡಲು ಕಲಿಸುತ್ತದೆ, ಬರೆದಿಡುವುದು ಅಪನಂಬಿಕೆಯಲ್ಲ. ಎಷ್ಟು ದೂರ ನಡೆಯಬಲ್ಲಿರಿ, ಮೆಟ್ಟಿಲು ಹತ್ತುವಾಗ ಏನಾಗುತ್ತದೆ, ವುಝೂಗೆ ಯಾರು ನೆರವಾಗುತ್ತಾರೆ, ಕುರ್ಚಿಯ ಮೇಲೆ ನಮಾಝ್ ಯಾವಾಗಿನಿಂದ ಎಂಬುದನ್ನು ಮನೆಯವರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಚಿಕೆ ಬೇಡ. ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ. ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ. 1987ರ ಕಾಯ್ದೆ ಕೊಟ್ಟ ಹಕ್ಕು ಅದು.

ಮುಚ್ಚಿಡುವುದು ಹೇಗೆ ತಪ್ಪೋ, ಹೆಚ್ಚಿಸಿ ಹೇಳುವುದೂ ಹಾಗೆಯೇ ತಪ್ಪು. "ದುಡ್ಡು ಕೊಡಿ, 75 ಮಾಡಿಸಿಕೊಡ್ತೀನಿ" ಎನ್ನುವ ದಲ್ಲಾಳಿಯನ್ನು ಮನೆಯ ಹೊಸ್ತಿಲು ದಾಟಿಸಬೇಡಿ. ಅದು ಹರಾಮ್. ಮೋಸದಿಂದ ಅಂಗವಿಕಲರ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ನಿಜವಾದ ಅಂಗವಿಕಲನ ಪಾಲನ್ನು ಕಿತ್ತುಕೊಂಡ ಲೆಕ್ಕ ಆಖಿರತ್ತಿನಲ್ಲಿ ಬೇರೆ ಇದೆ.

ಇನ್ನೊಂದು ವಿಷಯ ನೆನಪಿಡಿ. ಪ್ರಮಾಣಪತ್ರ ಸರಿಯಿದ್ದೂ ನಾಡಕಚೇರಿಯಲ್ಲಿ ಹಾಕಿದ ಮಾಸಾಶನದ ಅರ್ಜಿ ತಿರಸ್ಕೃತವಾದರೆ ಹೋಗಬೇಕಾದ ಬಾಗಿಲು ಬೇರೆ. ಅದಕ್ಕೆ ಸಕಾಲ ಕಾಯ್ದೆಯಡಿ ಮೇಲ್ಮನವಿ ಇದೆ, ಗಡುವು 30 ದಿನ. ಸಕಾಲ ಸಂಖ್ಯೆಯಿರುವ ಚೀಟಿಯನ್ನು ಕಳೆದುಕೊಳ್ಳಬೇಡಿ.

ಚಾಚಾ ಅವರ ಮೇಲ್ಮನವಿ ಗಡುವಿನೊಳಗೆ ಸೇರಿದೆ. ತೀರ್ಪು ಏನಾಗುತ್ತದೋ ಅಲ್ಲಾಹನೇ ಬಲ್ಲ. "ಈ ಸಲ ಏನು ಹೇಳ್ತೀರಿ?" ಎಂದು ಕೇಳಿದೆವು. "ಎಡಗಿವಿ ಕೇಳಸೂದಿಲ್ಲ, ಬಲಗಿವಿ ಅರ್ಧ. ಅಲ್ಹಮ್ದುಲಿಲ್ಲಾಹ್" ಎಂದರು. ಶುಕ್ರ್ ಮತ್ತು ಸಾಕ್ಷ್ಯ ಎರಡೂ ಒಂದೇ ಬಾಯಲ್ಲಿ ಬಂದವು.

ಮೊಹಲ್ಲಾದ ಓದಿದ ಯುವಕರೇ, ಒಬ್ಬರ ಅರ್ಜಿ ಬರೆದುಕೊಡುವುದೂ ಸದಕಾ. ಹಾರೂನರಂತೆ ಜೊತೆಗೆ ನಡೆಯುವವರನ್ನು ಅಲ್ಲಾಹನು ನಮ್ಮಲ್ಲಿ ಹೆಚ್ಚಿಸಲಿ. ಆಮೀನ್.