ಚಂಡಮಾರುತದ ಕಣ್ಣಿನ ಮೇಲೆ ಕಣ್ಣು

ಪ್ರಶ್ನೆ: ನಡುಗಡಲಿನ ಚಂಡಮಾರುತದ ಬಲ ದೂರದಲ್ಲಿ ಕೂತ ಹವಾಮಾನ ಹವ್ಯಾಸಿಗಳಿಗೆ ಹೇಗೆ ತಿಳಿಯುತ್ತದೆ?

ಉತ್ತರ: ಮೊದಲ ಸುಳಿವು ಉಪಗ್ರಹ ಚಿತ್ರ. ನಡುವಿನ ‘ಕಣ್ಣು’ ದುಂಡಗೆ ತೆರೆದುಕೊಂಡು, ಸುತ್ತಲ ಮೋಡಗಳ ನೆತ್ತಿ ತಣ್ಣಗಾದಷ್ಟೂ ಗಾಳಿ ಜೋರು. ಆದರೆ ಇದು ಅಂದಾಜಷ್ಟೇ.

ನಿಜವಾದ ಅಳತೆ ಅಟ್ಲಾಂಟಿಕ್‌ನಲ್ಲಿ ಸಿಗುವುದು ಅಮೆರಿಕದ ವಿಮಾನಗಳಿಂದ. ಅವು ಬಿರುಗಾಳಿಯೊಳಕ್ಕೇ ನುಗ್ಗಿ, ಪುಟ್ಟ ಪ್ಯಾರಾಚೂಟ್ ಕಟ್ಟಿದ ಕೊಳವೆಯಂಥ ಉಪಕರಣಗಳನ್ನು ಕೆಳಗೆ ಬಿಡುತ್ತವೆ. ಕಡಲಿಗೆ ಬೀಳುವ ತನಕ ಈ ಉಪಕರಣಗಳು ಒತ್ತಡ, ತೇವಾಂಶ, ಗಾಳಿವೇಗ ತಿಳಿಸುತ್ತಲೇ ಇರುತ್ತವೆ. ಈ ಅಂಕಿಗಳು ಸಾರ್ವಜನಿಕರಿಗೂ ಲಭ್ಯ. ಕಣ್ಣಿನೊಳಗಿನ ಒತ್ತಡ ಕುಸಿಯುತ್ತಿದ್ದರೆ, ಅಂದರೆ ಬಿರುಗಾಳಿ ಬಲಗೊಳ್ಳುತ್ತಿದ್ದರೆ, ಹವ್ಯಾಸಿಗಳಿಗೆ ಅಂದು ನಿದ್ದೆಯಿಲ್ಲ!

ಈ ಬಲ ಎಷ್ಟಿರಬಹುದು ಎಂಬುದಕ್ಕೆ ಒಂದು ಉದಾಹರಣೆ: 2017ರ ಸೆಪ್ಟೆಂಬರ್ 6ರಂದು ‘ಇರ್ಮಾ’ ಚಂಡಮಾರುತ ಕೆರಿಬಿಯನ್‌ನ ಬಾರ್ಬುಡಾ ದ್ವೀಪದ ಮೇಲೇ ಹಾದಾಗ ಗಾಳಿವೇಗ ಗಂಟೆಗೆ ಸುಮಾರು 285 ಕಿ.ಮೀ. ಕಟ್ಟಡಗಳಲ್ಲಿ ಬಹುಪಾಲು ಜಖಂಗೊಂಡವು. ಬೆನ್ನಿಗೇ ‘ಹೋಸೆ’ ಎಂಬ ಇನ್ನೊಂದು ಚಂಡಮಾರುತ ಬರುತ್ತಿದ್ದುದರಿಂದ ಇಡೀ ದ್ವೀಪವನ್ನೇ ಖಾಲಿ ಮಾಡಿಸಿ ಜನರನ್ನು ಆಂಟಿಗುವಾಕ್ಕೆ ಸಾಗಿಸಲಾಯಿತು. ಹೋಸೆ ಮಾತ್ರ ಉತ್ತರಕ್ಕೆ ಸರಿದುಹೋಯಿತು.