ಕೊಟ್ಟಿಗೆಗಿಂತ ಮೊದಲು ಬೇಲಿ

ತಿಪಟೂರು ತಾಲ್ಲೂಕಿನ ಈ ಸಾವಯವ ತೋಟಕ್ಕೆ ಹಸು ನೋಡಲು ಬಂದವರನ್ನು ಯಜಮಾನರು ಮೊದಲು ಕರೆದೊಯ್ಯುವುದು ಬೇಲಿಯ ಹತ್ತಿರಕ್ಕೆ. ತೆಂಗಿನ ಸಾಲಿನಾಚೆ ಬದುವಿನುದ್ದಕ್ಕೂ ಗ್ಲಿರಿಸೀಡಿಯಾ, ಅಗಸೆ, ನುಗ್ಗೆ. ಒಂದು ಕೊಂಬೆ ಬಗ್ಗಿಸಿ, ‘ಇದೇ ಸಾರ್ ನಮ್ಮ ಹಿಂಡಿ ಮೂಟೆ’ ಎಂದರು. ಮರಗಳ ನಡುವೆ ನೇಪಿಯರ್, ಅಲಸಂದೆ, ಒಂದು ತಾಕು ಕುದುರೆ ಮೆಂತ್ಯ.

ಅಂಗಡಿಯ ಹಿಂಡಿ ಬಿಟ್ಟಿದ್ದಕ್ಕೆ ದುಡ್ಡೊಂದೇ ಕಾರಣವಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿಯಿಂದ ಅಫ್ಲಟಾಕ್ಸಿನ್ ಎಂಬ ವಿಷ ಹಾಲಿಗಿಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ ಶೇ 5.7ರಷ್ಟರಲ್ಲಿ ಇದು ಮಿತಿ ಮೀರಿತ್ತು. ಆ್ಯಂಟಿಬಯೋಟಿಕ್ ಮಿತಿ ಮೀರಿದ್ದು ಶೇ 1.2ರಲ್ಲಿ. ಸಾವಯವ ಹಿಂಡಿಗೂ ಬೂಷ್ಟು ಹಿಡಿಯುತ್ತದೆ, ಅದೇನು ಬೋರ್ಡು ಓದುವುದಿಲ್ಲ. ಹಾಗಾಗಿ ಇಲ್ಲಿ ಮೇವಿನ ಕೋಣೆ ಒಣಗಿರುವುದನ್ನು ಯಜಮಾನರು ಹೆಮ್ಮೆಯಿಂದ ತೋರಿಸಿದರು.

ಕೊಟ್ಟಿಗೆಯಲ್ಲಿ ಹಗ್ಗವಿಲ್ಲ. ಸೀಮೆಹಸುಗಳು ಬೇಕೆಂದಾಗ ತೊಟ್ಟಿಗೆ ಹೋಗಿ ನೀರು ಕುಡಿಯುತ್ತವೆ. ಸಗಣಿ ಗ್ಯಾಸಿನ ಗುಂಡಿಗೆ, ಅಲ್ಲಿಂದ ಬಗ್ಗಡ ತೆಂಗಿನ ಬುಡಕ್ಕೆ.

ಔಷಧಿ ಮನೆಯಾಕೆಯ ಖಾತೆ. ಕೆಚ್ಚಲು ಬಾವಿಗೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಸೇರಿಸಿ ರುಬ್ಬಿದರೆ ಕೆಂಪಗಾಗುತ್ತದೆ. ಅದನ್ನು ನೀರಲ್ಲಿ ತೆಳುಮಾಡಿ, ಕೆಟ್ಟ ಹಾಲು ಹಿಂಡಿ ಚೆಲ್ಲಿ, ತೊಳೆದ ಕೆಚ್ಚಲಿಗೆ ದಿನಕ್ಕೆ ಹತ್ತು ಸಲ ಬಳಿಯಬೇಕು, ಐದು ದಿನ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಇದನ್ನೇ ಹೇಳಿಕೊಡುತ್ತದೆ. ‘ಹತ್ತು ಸಲ ಅನ್ನೋದ್ರಲ್ಲೇ ಇರೋದು ಕಷ್ಟ. ಇಂಜೆಕ್ಷನ್ ಆದ್ರೆ ಒಂದ್ಸಲ ಡಾಕ್ಟ್ರು ಬಂದು ಹೋಗೋರು’ ಎಂದು ನಕ್ಕರು. ಜ್ವರ ಬಂದು ಹಸು ಮೇವು ಬಿಟ್ಟರೆ ಈಗಲೂ ಡಾಕ್ಟರೇ ಬರಬೇಕು. ಔಷಧಿಯ ಅಂಶ ಹೋಗುವತನಕ ಆ ಹಸುವಿನ ಹಾಲು ಕ್ಯಾನಿಗೆ ಸೇರದು. ಅಮೆರಿಕದಲ್ಲಿ ನಿಯಮ ಇನ್ನೂ ಬಿಗಿ: ಆ್ಯಂಟಿಬಯೋಟಿಕ್ ಪಡೆದ ಹಸುವಿನ ಹಾಲನ್ನು ಮತ್ತೆಂದೂ ಸಾವಯವವೆಂದು ಮಾರುವಂತಿಲ್ಲ.

ನಿಜವಾದ ಪರೀಕ್ಷೆ ನಡುವಿನ ವರ್ಷಗಳದ್ದು. ನಮ್ಮ ರಾಷ್ಟ್ರೀಯ ಸಾವಯವ ನಿಯಮದ ಪ್ರಕಾರ ವಾರ್ಷಿಕ ಬೆಳೆಯ ಭೂಮಿಗೆ ಎರಡು ವರ್ಷ, ತೆಂಗಿನಂಥ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ. ಅಷ್ಟರತನಕ ಖರ್ಚು ಹೊಸ ಪದ್ಧತಿಯದು, ಹಾಲಿನ ದರ ಮಾತ್ರ ಹಳೆಯದೇ. ‘ಹಿಂಡಿ ಕಮ್ಮಿ ಮಾಡಿದ್ ಕೂಡ್ಲೇ ಹಾಲು ಇಳೀತು ಸಾರ್. ಹಸುಗೆ ಏನಾಯ್ತು ಅಂತ ಡೇರಿ ಸೆಕ್ರೆಟರಿ ಕೇಳಿದ್ರು. ಆಗ ನಮ್ಮನ್ನ ಸಾಕಿದ್ದು ತೆಂಗು.’

ತೆಂಗಿಲ್ಲದವರ ಗತಿ? ಅಂಥವರು ಹಿಂಜರಿಯುವುದು ಸಹಜ. ರೈತರು ಬದಲಾವಣೆಗೆ ಬಗ್ಗುವುದಿಲ್ಲ ಎಂಬ ದೂರನ್ನು ನಾನಂತೂ ಒಪ್ಪಲಾರೆ. ಹಳ್ಳಿಕಾರ್, ಅಮೃತಮಹಲ್ ಕಟ್ಟುತ್ತಿದ್ದ ಇದೇ ಸೀಮೆ, 1974ರಲ್ಲಿ ರಾಜ್ಯದ ಡೇರಿ ಅಭಿವೃದ್ಧಿ ಯೋಜನೆ ಬಂದ ಮೇಲೆ ಒಂದೆರಡು ತಲೆಮಾರಿನಲ್ಲಿ ಸೀಮೆಹಸುವಿಗೆ ಹೊರಳಿತು. ಊರಲ್ಲೇ ಡೇರಿ, ತಪ್ಪದೆ ಬಟವಾಡೆ, ಅಷ್ಟಿದ್ದರೆ ಸಾಕಾಗಿತ್ತು. 2010ರಲ್ಲಿ ತಿಪಟೂರಿನಲ್ಲೇ ಶುರುವಾದ ಅಕ್ಷಯಕಲ್ಪದಂಥ ಸಾವಯವ ಹಾಲಿನ ಕಂಪನಿಗಳು ಕೊಳ್ಳಲು ಬಂದಾಗಲೂ ರೈತರು ಮುಂದೆ ಬಂದಿದ್ದಾರೆ.

ಸಾವಯವಕ್ಕೆಂದು ಸರ್ಕಾರ ಕೊಡುವ ನೆರವು ಈ ನಡುವಿನ ವರ್ಷಗಳ ಹಾಲಿಗೆ ಮೊದಲು ಸಲ್ಲಬೇಕು, ಲೀಟರಿಗೆ ಇಷ್ಟೆಂದು, ಬಟವಾಡೆಯ ಜೊತೆಗೇ.